ಮುಗಿಯದ ಕೋಟೆಯಲ್ಲಿ ಕಥೆಯ ಪಾಡು

‘ಚಿತ್ರ ಬಿಡಿಸಿರುವುದು ಅದ್ಭುತ, ಆದರೆ ಕಥೆ ಏನೂ ಇಲ್ಲ’ ಎಂಬ ಮಾತು ಜಪಾನಿನ ಆನಿಮೇಶನ್ ಸಿನಿಮಾಗಳ ಬಗ್ಗೆ ನಮ್ಮಲ್ಲಿ ಸಲೀಸಾಗಿ ಓಡಾಡುತ್ತಿದೆ. ‘ಇಂಥ ಚಿತ್ರ ನೋಡಿದ ಮೇಲೂ ಕಥೆ ಕೇಳುವವರಿಗೆ ಕಣ್ಣಿಲ್ಲ’ ಎಂದು ತಿರುಗಿ ಹೇಳುವ ಹುಡುಗರೂ ಇದ್ದಾರೆ. ಜಗಳವಾಡುತ್ತಿರುವ ಈ ಇಬ್ಬರೂ ಒಂದು ವಿಷಯದಲ್ಲಿ ಒಮ್ಮತದಿಂದಿದ್ದಾರೆ. ಚಿತ್ರವೇ ಬೇರೆ, ಕಥೆಯೇ ಬೇರೆ, ಒಂದನ್ನು ಬಿಟ್ಟು ಇನ್ನೊಂದನ್ನು ತೂಗಬಹುದು ಎಂದು ಇಬ್ಬರೂ ನಂಬಿದ್ದಾರೆ. ಕಥೆ ಬರೆಯುವುದನ್ನೇ ಕಸುಬು ಮಾಡಿಕೊಂಡ ನಮಗೆ ಈ ನಂಬಿಕೆಯ ಮೇಲೆ ಅನುಮಾನವಿದೆ. ಅದನ್ನು ಒಂದು ನಿಜವಾದ ಸಿನಿಮಾದ ಮೇಲಿಟ್ಟು ಪರೀಕ್ಷಿಸುವುದು ಒಳ್ಳೆಯದು.

ಸಿನಿಮಾ ‘ಡೀಮನ್ ಸ್ಲೇಯರ್’ ಸರಣಿಯ ‘ಇನ್ಫಿನಿಟಿ ಕ್ಯಾಸಲ್’. 2025ರ ಜುಲೈ 18ರಂದು ಜಪಾನಿನಲ್ಲಿ ತೆರೆಕಂಡಿತು. ಅವಧಿ 155 ನಿಮಿಷ. ನಿರ್ದೇಶಕ ಹರುಓ ಸೊತೊಝಾಕಿ, ತಯಾರಿಸಿದ್ದು ಯುಫೋಟೇಬಲ್ ಎಂಬ ಸ್ಟುಡಿಯೊ. ಮೂಲ, ಕೊಯೊಹಾರು ಗೊತೊಗೆ ಎಂಬ ಲೇಖಕರು 2016ರಿಂದ 2020ರವರೆಗೆ ಒಂದು ವಾರಪತ್ರಿಕೆಯಲ್ಲಿ ಬರೆದು, ಬಿಡಿಸಿ, 23 ಸಂಪುಟಗಳಲ್ಲಿ ಮುಗಿಸಿದ ಚಿತ್ರಕಥಾಮಾಲೆ. ಜಪಾನಿಗರು ಇಂಥದ್ದನ್ನು ಮಾಂಗಾ ಎನ್ನುತ್ತಾರೆ. ಕಾಲ ಸುಮಾರು ನೂರು ವರ್ಷದ ಹಿಂದಿನ ತೈಶೊ ಯುಗ. ಇದ್ದಿಲು ಮಾರಿ ಮನೆ ಸಾಕುತ್ತಿದ್ದ ತಾಂಜಿರೊ ಎಂಬ ಹುಡುಗ ಒಂದು ದಿನ ಬೆಟ್ಟ ಹತ್ತಿ ಮನೆಗೆ ಬಂದರೆ ಮನೆಮಂದಿಯೆಲ್ಲ ಸತ್ತು ಬಿದ್ದಿರುತ್ತಾರೆ. ಉಳಿದವಳು ತಂಗಿ ನೆಝುಕೊ ಒಬ್ಬಳೇ, ಅವಳೂ ನರಭಕ್ಷಕ ರಾಕ್ಷಸಿಯಾಗಿದ್ದಾಳೆ. ಅವಳನ್ನು ಮತ್ತೆ ಮನುಷ್ಯಳನ್ನಾಗಿ ಮಾಡಬೇಕೆಂದು ಹುಡುಗ ಕತ್ತಿ ಹಿಡಿಯುತ್ತಾನೆ. ಕಥೆ ಇಷ್ಟೇ, ಮತ್ತು ಇಷ್ಟು ಸಾಕು. ಜಗತ್ತಿನ ಎಷ್ಟೋ ದೊಡ್ಡ ಕಥೆಗಳು ಇದಕ್ಕಿಂತ ಕಡಿಮೆ ಬಂಡವಾಳದಿಂದ ಶುರುವಾಗಿವೆ.

ಇದೇ ಸರಣಿಯ ಹಿಂದಿನ ಸಿನಿಮಾ ‘ಮುಗೆನ್ ಟ್ರೈನ್’ 2020ರ ಅಕ್ಟೋಬರಿನಲ್ಲಿ, ಕೊರೋನಾ ನಡುವೆಯೇ ಬಂದು, ಜಪಾನಿನಲ್ಲಿ 4,000 ಕೋಟಿ ಯೆನ್ನಿಗೂ ಮೀರಿ ಗಳಿಸಿತು. ಹಯಾವೊ ಮಿಯಾಝಾಕಿಯವರ ‘ಸ್ಪಿರಿಟೆಡ್ ಅವೇ’ ಸುಮಾರು ಇಪ್ಪತ್ತು ವರ್ಷ ಉಳಿಸಿಕೊಂಡಿದ್ದ ದಾಖಲೆ ಮುರಿಯಿತು. ‘ಇನ್ಫಿನಿಟಿ ಕ್ಯಾಸಲ್’ 2025ರಲ್ಲೇ ಅದೇ ಪಟ್ಟಿಯ ಎರಡನೆಯ ಸ್ಥಾನಕ್ಕೆ ಏರಿತು. ಅಂದಮೇಲೆ ಇದು ಮಕ್ಕಳ ಆಟಿಕೆ ಎಂದು ತಳ್ಳಿಹಾಕುವಂತಿಲ್ಲ. ಕೋಟ್ಯಂತರ ಜನ ದುಡ್ಡು ಕೊಟ್ಟು ಕತ್ತಲಲ್ಲಿ ಕೂತು ಅಳುತ್ತಿದ್ದಾರೆಂದರೆ ಅವರು ಯಾವುದಕ್ಕೆ ಅಳುತ್ತಿದ್ದಾರೆ ಎಂದು ಕೇಳುವುದು ವಿಮರ್ಶೆಯ ಕೆಲಸವೇ.

ಭಾರತಕ್ಕೆ ಈ ಸಿನಿಮಾ 2025ರ ಸೆಪ್ಟೆಂಬರ್ 12ರಂದು ಬಂತು. ಮೂಲ ಜಪಾನಿ ಭಾಷೆಯ ಜೊತೆಗೆ ಇಂಗ್ಲಿಷ್, ಹಿಂದಿ, ತಮಿಳು, ತೆಲುಗಿನ ಮಾತುಗಳಲ್ಲಿ ಬಂತು. ಕನ್ನಡದಲ್ಲಿ ಬರಲಿಲ್ಲ. ಡಬ್ಬಿಂಗ್ ಬೇಡವೆಂದು ದಶಕಗಟ್ಟಲೆ ಬಾಗಿಲು ಮುಚ್ಚಿಕೊಂಡ ನಾಡು ನಮ್ಮದು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆ ತಡೆ ಸಲ್ಲದೆಂದು ಹೇಳಿದ ಮೇಲೆ ಬಾಗಿಲೇನೋ ತೆರೆಯಿತು, ಆದರೆ ಅಷ್ಟು ಹೊತ್ತಿಗೆ ವ್ಯಾಪಾರದವರು ಬೇರೆ ಬಾಗಿಲುಗಳಿಂದ ಒಳಬರುವುದನ್ನು ಕಲಿತಿದ್ದರು. ಈ ಸಂಗತಿಯನ್ನು ನಾವು ಬರೀ ದೂರಾಗಿ ಎತ್ತುತ್ತಿಲ್ಲ, ಇದಕ್ಕೂ ನಮ್ಮ ವಿಷಯಕ್ಕೂ ನೇರ ಸಂಬಂಧವಿದೆ. ಬೆಂಗಳೂರಿನಲ್ಲಿ ಇದನ್ನು ನೋಡಿದ ಕನ್ನಡದ ಹುಡುಗ ಹುಡುಗಿಯರು ಒಂದೋ ಪರದೆಯ ಕೆಳಗೆ ಓಡುವ ಇಂಗ್ಲಿಷ್ ಸಾಲುಗಳನ್ನು ಹಿಡಿಯಲು ಹೆಣಗಿರಬೇಕು, ಇಲ್ಲವೇ ಅರ್ಧ ತಿಳಿಯುವ ಭಾಷೆಯಲ್ಲಿ ಕೇಳಿರಬೇಕು. ಮಾತು ಅರ್ಧ ತಪ್ಪಿಹೋದವನ ಪಾಲಿಗೆ ಉಳಿಯುವುದು ಚಿತ್ರ. ಚಿತ್ರವೇ ಕಥೆ ಹೇಳಿದ್ದರೆ ಅವನಿಗೆ ಕಥೆ ಸಿಕ್ಕಿದೆ, ಇಲ್ಲವಾದರೆ ಅವನಿಗೆ ದೀಪಾವಳಿ ಸಿಕ್ಕಿದೆ.

ಮೊದಲು ಕೋಟೆಯನ್ನು ನೋಡೋಣ. ಮುಝಾನ್ ಎಂಬ ರಾಕ್ಷಸರ ದೊರೆಯ ಕೋಟೆ ಇದು. ತುದಿ ಮೊದಲಿಲ್ಲದ ಮರದ ಅಂಕಣಗಳು, ಕಾಗದದ ಬಾಗಿಲುಗಳು, ಮೆಟ್ಟಿಲುಗಳು, ದೀಪಗಳು. ಮೇಲಿದ್ದದ್ದು ಕೆಳಗೆ, ಕೆಳಗಿದ್ದದ್ದು ಪಕ್ಕಕ್ಕೆ. ಕತ್ತಿ ಹಿಡಿದ ಯೋಧರು ಇದರೊಳಗೆ ಬೀಳುತ್ತಾ ಬರುತ್ತಾರೆ, ಅವರ ಜೊತೆ ನೋಡುವವರ ಹೊಟ್ಟೆಯೂ ಬೀಳುತ್ತದೆ. ಉರ್ದು ಶಾಲೆಯ ಬೆಂಚಿನಿಂದ ಎದ್ದು ಬಂದ ನಮ್ಮಂಥವರಿಗೆ ಇದನ್ನು ನೋಡಿದೊಡನೆ ಬಾಯಿಗೆ ಬರುವ ಶಬ್ದ ‘ತಿಲಿಸ್ಮ್’. ಅಮೀರ್ ಹಂಝಾನ ದಾಸ್ತಾನುಗಳಲ್ಲಿ ಮಾಂತ್ರಿಕರು ಕಟ್ಟುವ ಮಾಯಾಲೋಕಕ್ಕೆ ಆ ಹೆಸರು. 1883ರಿಂದ ಲಖನೌದ ನವಲ್ ಕಿಶೋರ್ ಮುದ್ರಣಾಲಯ ಸಂಪುಟ ಸಂಪುಟವಾಗಿ ಹೊರತಂದ ‘ತಿಲಿಸ್ಮ್-ಎ-ಹೋಶ್‌ರುಬಾ’ ಎಂಬ ದೈತ್ಯ ಕೃತಿ ಇಡಿಯಾಗಿ ನಡೆಯುವುದೇ ಅಂಥ ಒಂದು ಲೋಕದಲ್ಲಿ. ಅಲ್ಲಿಯೂ ನದಿ ಬೆಂಕಿಯಾಗುತ್ತದೆ, ಗೋಡೆ ಮಾತಾಡುತ್ತದೆ. ಆದರೆ ದಾಸ್ತಾನು ಹೇಳುವವರು ಒಂದು ಕಟ್ಟಳೆ ಇಟ್ಟುಕೊಂಡಿದ್ದರು. ಪ್ರತಿ ತಿಲಿಸ್ಮಿಗೂ ಒಂದು ‘ಲೌಹ್’, ಅಂದರೆ ಅದನ್ನು ಮುರಿಯುವ ಬಗೆ ಬರೆದಿಟ್ಟ ಒಂದು ಹಲಗೆ ಇರಬೇಕು. ಎಲ್ಲೋ ಒಂದು ಕಡೆ ಕೀಲಿ ಇದೆ ಎಂದು ಗೊತ್ತಿದ್ದುದರಿಂದಲೇ ಕೇಳುವವರು ಉಸಿರು ಬಿಗಿಹಿಡಿದು ಕೂರುತ್ತಿದ್ದರು.

ಮುಝಾನನ ಕೋಟೆಗೆ ಕಟ್ಟಳೆಯಿಲ್ಲ. ಯಾವ ಕೋಣೆ ಯಾವುದಕ್ಕೆ ಹತ್ತಿರ, ಯಾರು ಯಾರಿಂದ ಎಷ್ಟು ದೂರ, ಒಬ್ಬ ಗೆದ್ದರೆ ಇನ್ನೊಬ್ಬನ ಸಹಾಯಕ್ಕೆ ಹೋಗಬಲ್ಲನೇ, ಇವೊಂದೂ ನಮಗೆ ತಿಳಿಯುವುದಿಲ್ಲ. ಮೊದಲ ಹತ್ತು ನಿಮಿಷ ಬೆರಗು. ಆಮೇಲೆ ಆ ಬೆರಗೇ ಹಿನ್ನೆಲೆಯ ಪರದೆಯಾಗಿ ತೂಗಾಡುತ್ತದೆ. ಅನಂತವಾದ ಜಾಗದಲ್ಲಿ ದೂರ ಎಂಬುದಕ್ಕೆ ಬೆಲೆಯಿಲ್ಲ. ದೂರಕ್ಕೆ ಬೆಲೆಯಿಲ್ಲದಾಗ ಓಡುವವನ ಓಟಕ್ಕೂ ಬೆಲೆಯಿಲ್ಲ.

ಇದನ್ನು ಹಿಂದಿನ ಸಿನಿಮಾದ ರೈಲಿನ ಪಕ್ಕದಲ್ಲಿ ಇಟ್ಟು ನೋಡಬೇಕು. ರೈಲೆಂದರೆ ಒಂದು ಗೆರೆ: ಮುಂದೆ ಎಂಜಿನ್, ಹಿಂದೆ ಬೋಗಿಗಳು. ಇನ್ನೂರಕ್ಕೂ ಹೆಚ್ಚು ಪ್ರಯಾಣಿಕರು ನಿದ್ದೆಯಲ್ಲಿದ್ದಾರೆ. ಕನಸಿನ ರಾಕ್ಷಸ ಎನ್ಮು ಇಡೀ ರೈಲನ್ನೇ ತನ್ನ ಮೈ ಮಾಡಿಕೊಂಡು ಅವರನ್ನು ನುಂಗಲು ಹೊರಟಿದ್ದಾನೆ. ಆಗ ರೆಂಗೊಕು ಎಂಬ ಹಿರಿಯ ಯೋಧ ತಾಂಜಿರೊನ ಎದುರು ಬಂದು ನಿಂತು ಲೆಕ್ಕ ಹೇಳುತ್ತಾನೆ. ಬೋಗಿಗಳು ಎಂಟು. ಹಿಂದಿನ ಐದನ್ನು ನಾನು ಕಾಯುತ್ತೇನೆ, ಉಳಿದ ಮೂರನ್ನು ಆ ಹಳದಿ ಕೂದಲಿನವನು ಮತ್ತು ನಿನ್ನ ತಂಗಿ, ನೀನು ರಾಕ್ಷಸನ ತಲೆ ಹುಡುಕು. ಎಂಟು, ಐದು, ಮೂರು. ಇದು ಶುದ್ಧ ಕಥೆಗಾರಿಕೆ. ಈ ಮೂರು ಅಂಕಿಗಳ ಆಮೇಲೆ ಯುಫೋಟೇಬಲಿನ ಬೆಂಕಿ ನೀರುಗಳು ಎಷ್ಟು ಹಾರಾಡಿದರೂ ನಮ್ಮ ಕೈಯಲ್ಲಿ ದಾರ ಇರುತ್ತದೆ. ಐದು ಬೋಗಿಗಳನ್ನು ಒಬ್ಬನೇ ಕಾಯುವುದೆಂದರೆ ಏನು ಎಂದು ಲೆಕ್ಕ ಬಲ್ಲ ಯಾರಿಗಾದರೂ ಗೊತ್ತಾಗುತ್ತದೆ. ಇಂಥ ಒಂದು ಲೆಕ್ಕವನ್ನು ‘ಇನ್ಫಿನಿಟಿ ಕ್ಯಾಸಲ್’ ಎರಡೂವರೆ ಗಂಟೆಯಲ್ಲಿ ನಮಗೆ ಕೊಡುವುದಿಲ್ಲ.

ಚಿತ್ರದ ಕಸುಬಿನ ಬಗ್ಗೆ ಇಲ್ಲಿ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ನಾವು ಚಿತ್ರವನ್ನು ಹೀಯಾಳಿಸುತ್ತಿದ್ದೇವೆಂದು ಓದುಗರು ತಿಳಿದಾರು. ಸಿನಿಮಾ ಸೆಕೆಂಡಿಗೆ 24 ಫ್ರೇಮು ಓಡುತ್ತದೆ. ಅಷ್ಟಕ್ಕೂ ಬೇರೆ ಬೇರೆ ಚಿತ್ರ ಬಿಡಿಸುವುದು ದುಬಾರಿ. 1963ರ ಜನವರಿ 1ರಂದು ಒಸಾಮು ತೆಝುಕಾ ತಮ್ಮ ‘ಆಸ್ಟ್ರೊ ಬಾಯ್’ ಧಾರಾವಾಹಿಯನ್ನು ಟಿವಿಗೆ ತಂದಾಗ ಒಂದು ಚಿತ್ರವನ್ನು ಮೂರು ಫ್ರೇಮು ನಿಲ್ಲಿಸುವುದು, ಬಾಯಿ ಮಾತ್ರ ಅಲ್ಲಾಡಿಸುವುದು, ಹಳೆಯ ಚಿತ್ರಗಳನ್ನೇ ಮತ್ತೆ ಬಳಸುವುದು ಮುಂತಾದ ಉಪಾಯಗಳಿಂದ ವಾರಕ್ಕೊಂದು ಕಂತು ಮುಗಿಸುತ್ತಿದ್ದರು. ಜಪಾನಿ ಆನಿಮೇಶನ್ ಬೆಳೆದದ್ದೇ ಈ ಬಡತನದಲ್ಲಿ. ಚಲನೆ ಕಡಿಮೆಯಿದ್ದುದರಿಂದ ಭಂಗಿ, ಮೌನ, ಕತೆಯ ತಿರುವು ಇವುಗಳ ಮೇಲೆ ಭಾರ ಬಿತ್ತು. ನಿಂತ ಚಿತ್ರದ ಎದುರು ಕೂತು ಅಳುವುದನ್ನು ಅವರ ನೋಡುಗರು ಕಲಿತರು.

ಯುಫೋಟೇಬಲ್ ಆ ಬಡತನವನ್ನು ದಾಟಿದ ಸಂಸ್ಥೆ. ಮುಖ್ಯ ಭಂಗಿಗಳನ್ನು ಬಿಡಿಸುವವರು, ನಡುವಿನ ಚಿತ್ರಗಳನ್ನು ತುಂಬುವವರು, ಬಣ್ಣ ಹಾಕುವವರು, ಹಿನ್ನೆಲೆ ಬರೆಯುವವರು, ಕಂಪ್ಯೂಟರಿನಲ್ಲಿ ತ್ರೀಡಿ ಕಟ್ಟುವವರು, ಕೊನೆಗೆ ಇವೆಲ್ಲ ಪದರಗಳನ್ನು ಬೆಳಕು ಹೊಗೆ ಸೇರಿಸಿ ಒಂದು ಮಾಡುವವರು, ಇವರಲ್ಲಿ ಬಹುತೇಕ ಎಲ್ಲರೂ ಒಂದೇ ಸೂರಿನಡಿ. ಬೇರೆ ಸ್ಟುಡಿಯೊಗಳಲ್ಲಿ ಕೆಲಸ ಹೊರಗೆ ಹರಿದು ಹಂಚಿಹೋಗುವಾಗ ಇಲ್ಲಿ ಕೈಯಿಂದ ಕೈಗೆ ದಾಟುತ್ತದೆ. ಆದ್ದರಿಂದಲೇ ತಾಂಜಿರೊನ ಕತ್ತಿಯಿಂದ ಹೊಮ್ಮುವ ನೀರು ಹಳೆಯ ಮರದಚ್ಚಿನ ಚಿತ್ರಗಳ ಅಲೆಯಂತೆ ದಪ್ಪ ಗೆರೆಯಲ್ಲೇ ಉಳಿದು, ಕಂಪ್ಯೂಟರಿನ ಕ್ಯಾಮೆರಾದ ಜೊತೆ ತಿರುಗಲೂ ಬಲ್ಲದು. 2019ರ ಆಗಸ್ಟಿನಲ್ಲಿ ಟಿವಿಯಲ್ಲಿ ಬಂದ 19ನೆಯ ಕಂತಿನಲ್ಲಿ ಆ ನೀರು ನಡು ಹೊಡೆತದಲ್ಲಿ ಬೆಂಕಿಯಾಗಿ ತಿರುಗಿದ್ದೇ ಈ ಸರಣಿಯ ಭಾಗ್ಯ ತೆರೆಯಿತು. ಅದರ ಹಿಂದಿದ್ದದ್ದು ಬರೀ ಕೈಚಳಕ ಎನ್ನುವಂತಿಲ್ಲ. ನೀರಿನ ವಿದ್ಯೆ ಗುರು ಕಲಿಸಿದ್ದು, ಬೆಂಕಿಯ ಕುಣಿತ ಸತ್ತ ಅಪ್ಪನದ್ದು. ಕಲಿತದ್ದು ಸಾಲದೆ ಹೋದಾಗ ಹುಡುಗ ಅಪ್ಪನ ನೆನಪಿಗೆ ಕೈಚಾಚಿದ. ನೀಲಿ ಕೆಂಪಾಯಿತು. ಬಣ್ಣ ಬದಲಾದದ್ದೇ ಕಥೆ. ಅಂದು ಜನ ಮೆಚ್ಚಿದ್ದು ಚಿತ್ರವನ್ನೋ ಕಥೆಯನ್ನೋ ಎಂದು ಕೇಳಿದರೆ ಉತ್ತರವಿಲ್ಲ, ಏಕೆಂದರೆ ಅಲ್ಲಿ ಎರಡಿರಲಿಲ್ಲ.

‘ಮುಗೆನ್ ಟ್ರೈನ್’ನಲ್ಲಿಯೂ ಇಂಥದ್ದು ಒಂದಿದೆ, ಹೆಚ್ಚು ಜನ ಮಾತಾಡದೆ ಬಿಟ್ಟದ್ದು. ಎನ್ಮು ಕೆಲವು ದುಃಖಿಗಳಿಗೆ ಸಿಹಿಗನಸಿನ ಆಸೆ ತೋರಿಸಿ, ಯೋಧರ ಮನಸ್ಸಿನೊಳಗೆ ಹೊಕ್ಕು ಅಲ್ಲಿರುವ ತಿರುಳನ್ನು ಒಡೆದು ಬರಲು ಕಳಿಸುತ್ತಾನೆ. ತಾಂಜಿರೊನ ಮನಸ್ಸಿನೊಳಗೆ ಹೋದವನು ಕ್ಷಯ ಹಿಡಿದ ಒಬ್ಬ ತರುಣ. ಒಳಗೆ ಏನಿದೆ? ತುದಿಯಿಲ್ಲದ ನೀಲಿ ಆಕಾಶ, ಅದನ್ನು ಪ್ರತಿಬಿಂಬಿಸುವ ತಿಳಿನೀರು, ಅಷ್ಟೇ. ಕೊಲ್ಲಲು ಬಂದವನು ಅಲ್ಲಿ ನಿಂತು ಅಳುತ್ತಾನೆ, ಒಡೆಯದೆ ಹಿಂತಿರುಗುತ್ತಾನೆ. ನಾಯಕ ಒಳ್ಳೆಯವನೆಂದು ಹತ್ತು ಪಾತ್ರಗಳ ಬಾಯಲ್ಲಿ ಹೇಳಿಸಬೇಕಾದದ್ದನ್ನು ಒಂದು ಹಿನ್ನೆಲೆಚಿತ್ರ ಹೇಳಿದೆ.

ಈಗ ಕೋಟೆಯ ಒಳಗೆ ನಡೆಯುವ ಮೂರು ಕಾಳಗಗಳಿಗೆ ಬರೋಣ. ಶಿನೊಬು ಎಂಬವಳು ತನ್ನ ಅಕ್ಕನನ್ನು ಕೊಂದ ದೋಮಾನ ಮೇಲೆ ಹೋಗುತ್ತಾಳೆ. ರಾಕ್ಷಸನ ತಲೆ ಕಡಿಯುವಷ್ಟು ಕಸುವು ಅವಳ ಕೈಗಿಲ್ಲ, ವಿಷವೇ ಅವಳ ಆಯುಧ. ಅವಳು ಸೋಲುತ್ತಾಳೆ. ದೋಮಾ ಅವಳನ್ನು ಅಪ್ಪಿಕೊಂಡು ತನ್ನ ಮೈಯೊಳಗೆ ಇಂಗಿಸಿಕೊಳ್ಳುವ ದೃಶ್ಯ ಭಯ ಹುಟ್ಟಿಸುತ್ತದೆ, ಆದರೆ ಅವಳ ಕಥೆ ಇಲ್ಲಿ ಮುಗಿಯುವುದಿಲ್ಲ, ಮುಂದಿನ ಸಿನಿಮಾಕ್ಕೆ ಉಳಿದಿದೆ. ಅರ್ಧ ಹೇಳಿದ ಈ ಭಾಗಕ್ಕೆ ಈಗಲೇ ತೀರ್ಪು ಕೊಡುವುದು ನ್ಯಾಯವಲ್ಲ.

ಎರಡನೆಯದು ಝೆನಿತ್ಸು ಮತ್ತು ಕೈಗಾಕು. ಮೂರರಲ್ಲಿ ಚಿಕ್ಕದು, ನಮ್ಮ ಲೆಕ್ಕದಲ್ಲಿ ಅಚ್ಚುಕಟ್ಟಾದದ್ದು. ಇಬ್ಬರೂ ಒಬ್ಬನೇ ಮುದಿ ಗುರುವಿನ ಶಿಷ್ಯರು. ಸಿಡಿಲಿನ ಆರು ಪಟ್ಟುಗಳಲ್ಲಿ ಝೆನಿತ್ಸುವಿಗೆ ಮೊದಲನೆಯದೊಂದೇ ಬರುತ್ತದೆ. ಕೈಗಾಕುವಿಗೆ ಮೊದಲನೆಯದು ಬಿಟ್ಟು ಉಳಿದೆಲ್ಲವೂ ಬರುತ್ತವೆ. ಕೈಗಾಕು ರಾಕ್ಷಸನಾದ. ಶಿಷ್ಯ ಕೆಟ್ಟನೆಂಬ ಅವಮಾನಕ್ಕೆ ಗುರು ಹೊಟ್ಟೆ ಸೀಳಿಕೊಂಡು ಸತ್ತ. ಇಡೀ ಸರಣಿಯಲ್ಲಿ ಕಿರುಚಿ ಅತ್ತು ನಗಿಸುತ್ತಿದ್ದ ಝೆನಿತ್ಸು ಇಲ್ಲಿ ತುಟಿ ಬಿಗಿದು ನಿಂತಿದ್ದಾನೆ. ಆ ಬಿಗಿದ ತುಟಿ ನೋಡಿದರೆ ಸಾಕು, ಏನೋ ಆಗಿದೆಯೆಂದು ತಿಳಿಯುತ್ತದೆ. ಕೊನೆಯಲ್ಲಿ ಅವನು ಹೊಡೆಯುವ ಹೊಡೆತ ಯಾರೂ ಕಲಿಸಿದ್ದಲ್ಲ, ತಾನೇ ಕಂಡುಕೊಂಡ ಏಳನೆಯ ಪಟ್ಟು. ಒಂದೇ ಪಟ್ಟು ಗೊತ್ತಿದ್ದವನು ಏಳನೆಯದನ್ನು ಹುಟ್ಟಿಸಿದ ಎನ್ನುವಲ್ಲಿ ಒಂದು ಸಣ್ಣಕತೆಯ ಮೈಕಟ್ಟೇ ಇದೆ. ಕಣ್ಣು ಮಿಟುಕಿಸುವುದರೊಳಗೆ ಮುಗಿಯುವ ಆ ಮಿಂಚನ್ನು ಬಿಡಿಸಲು ಎಷ್ಟು ಕೈಗಳು ದುಡಿದವೋ, ಆ ದುಡಿಮೆ ವ್ಯರ್ಥವಾಗಿಲ್ಲ.

ಮೂರನೆಯದು ಅಕಾಝಾ. ‘ಮುಗೆನ್ ಟ್ರೈನ್’ನ ಕೊನೆಯಲ್ಲಿ ಹೇಳದೆ ಕೇಳದೆ ಬಂದು ರೆಂಗೊಕುವನ್ನು ಕೊಂದವನು ಇವನೇ. ಇಲ್ಲಿ ತಾಂಜಿರೊ ಮತ್ತು ಗಿಯು ಅವನ ಎದುರು ನಿಲ್ಲುತ್ತಾರೆ. ಸಿನಿಮಾದ ಶಕ್ತಿ ಮತ್ತು ದೌರ್ಬಲ್ಯ ಎರಡೂ ಒಟ್ಟಿಗೆ ಇರುವುದು ಈ ಭಾಗದಲ್ಲಿ.

ಅಕಾಝಾ ಮನುಷ್ಯನಾಗಿದ್ದಾಗ ಹಕುಜಿ ಎಂಬ ಹುಡುಗ. ಕಾಯಿಲೆ ಬಿದ್ದ ಅಪ್ಪನ ಔಷಧಿಗಾಗಿ ಕಳ್ಳತನ ಮಾಡುತ್ತಿದ್ದ. ಆ ಕಾಲದ ಜಪಾನಿನಲ್ಲಿ ಕಳ್ಳರ ತೋಳಿಗೆ ಶಿಕ್ಷೆಯಾಗಿ ಹಚ್ಚೆಯ ಪಟ್ಟಿ ಹಾಕುತ್ತಿದ್ದರು. ಅವನ ತೋಳಿಗೂ ಪಟ್ಟಿಗಳು ಬಿದ್ದವು. ಮಗ ತನ್ನಿಂದ ಕಳ್ಳನಾದನೆಂದು ಅಪ್ಪ ನೇಣು ಹಾಕಿಕೊಂಡ. ಊರಿಂದ ಓಡಿಸಲ್ಪಟ್ಟ ಹುಡುಗನನ್ನು ಕೆಯ್‌ಝೊ ಎಂಬ ಗರಡಿಯ ಗುರು ಬರಿಗೈಯಲ್ಲಿ ಹೊಡೆದು ಕೆಡವಿ, ಮನೆಗೆ ಕರೆದೊಯ್ದು, ಹಾಸಿಗೆ ಹಿಡಿದ ಮಗಳು ಕೊಯುಕಿಯ ಆರೈಕೆಗೆ ಇಟ್ಟುಕೊಂಡ. ಅವಳು ಚೇತರಿಸಿಕೊಂಡಳು. ಮದುವೆ ಗೊತ್ತಾಯಿತು. ಅಪ್ಪನ ಸಮಾಧಿಗೆ ಹೋಗಿ ಆ ಸುದ್ದಿ ಹೇಳಿ ಬರುವಷ್ಟರಲ್ಲಿ, ಪಕ್ಕದ ಗರಡಿಯವರು ಹೊಟ್ಟೆಕಿಚ್ಚಿಗೆ ಬಾವಿಗೆ ವಿಷ ಹಾಕಿ ಇಬ್ಬರನ್ನೂ ಕೊಂದಿದ್ದರು. ಹಕುಜಿ ಆ ಗರಡಿಗೆ ನುಗ್ಗಿ 67 ಜನರನ್ನು ಬರಿಗೈಯಲ್ಲಿ ಕೊಂದ. ಆಮೇಲೆ ಮುಝಾನ್ ಸಿಕ್ಕ, ಮನುಷ್ಯನಾಗಿದ್ದದ್ದೆಲ್ಲ ಮರೆತುಹೋಯಿತು.

ನಮ್ಮನ್ನು ಹಿಡಿದು ನಿಲ್ಲಿಸಿದ್ದು ಈ ಘಟನೆಗಳಿಗಿಂತ, ರಾಕ್ಷಸನ ಮೈಮೇಲಿನ ಗೆರೆಗಳು. ಕಳ್ಳನ ತೋಳಿನ ಪಟ್ಟಿಗಳೇ ಹಬ್ಬಿ ಅವನ ಮೈತುಂಬಾ, ಮುಖದ ಮೇಲೆ ಕೂಡ ಹರಡಿವೆ. ಅವನು ಯುದ್ಧಕ್ಕೆ ನಿಂತಾಗ ಕಾಲಡಿಯಲ್ಲಿ ಅರಳುವ ದಿಕ್ಸೂಚಿ ಹಿಮದ ಹರಳಿನ ಆಕಾರದ್ದು, ಅದು ಕೊಯುಕಿ ಮುಡಿಯುತ್ತಿದ್ದ ಪಿನ್ನಿನ ಆಕಾರ. ಅವನ ಹೊಡೆತಗಳ ಹೆಸರುಗಳಲ್ಲಿ ಬಾಣಬಿರುಸುಗಳಿವೆ, ಅವರಿಬ್ಬರೂ ಒಟ್ಟಿಗೆ ನೋಡಬೇಕೆಂದಿದ್ದು ಬಾಣಬಿರುಸು. ನೂರಾರು ವರ್ಷ ಕೊಲ್ಲುತ್ತಾ ತಿರುಗಿದವನು ತನಗೇ ಗೊತ್ತಿಲ್ಲದೆ ಸತ್ತ ಹುಡುಗಿಯ ಹೂವನ್ನು ಕಾಲಡಿಯಲ್ಲಿ ಬಿಡಿಸಿಕೊಂಡು ನಿಲ್ಲುತ್ತಿದ್ದ! ರೈಲಿನ ಸಿನಿಮಾದಲ್ಲಿ ಬರೀ ಅಲಂಕಾರವೆಂದು ನೋಡಿ ಮರೆತ ಆ ಹಿಮದ ಹರಳು ಐದು ವರ್ಷಗಳ ಆಮೇಲೆ ಹಿಂತಿರುಗಿ ಬಂದು ಎದೆಗೆ ಬಡಿಯುತ್ತದೆ. ಮಾತಿನ ಕಥೆಯಲ್ಲಿ ಇದನ್ನು ಮಾಡುವುದು ಕಷ್ಟ. ನಾವು ಬರೆದರೆ ‘ಹಿಮದ ಹರಳು’ ಎಂಬ ಶಬ್ದವನ್ನು ಮೊದಲೇ ಬಳಸಬೇಕು, ಬಳಸಿದೊಡನೆ ಜಾಣ ಓದುಗ ಕಿವಿ ನೆಟ್ಟಗೆ ಮಾಡುತ್ತಾನೆ. ಚಿತ್ರವಾದರೋ ಕಣ್ಣೆದುರೇ ಇಟ್ಟು ಬಚ್ಚಿಡಬಲ್ಲದು.

ಹಾಗಾದರೆ ತಕರಾರು ಏನು? ತಕರಾರು ಇರುವುದು ಈ ನೆನಪು ಬರುವ ಜಾಗದಲ್ಲಿ, ಮತ್ತು ಅದರ ಮೇಲೆ ಸುರಿಯುವ ಮಾತಿನಲ್ಲಿ. ಹಕುಜಿಯ ಕಥೆ ತೆರೆದುಕೊಳ್ಳುವುದು ಅಕಾಝಾನ ತಲೆ ಬಿದ್ದ ಮೇಲೆ. ಅಷ್ಟು ಹೊತ್ತು ನಡೆದ ದೀರ್ಘ ಕಾಳಗದಲ್ಲಿ ಅವನು ಯಾರೆಂದು ಹೊಸಬರಿಗೆ ಗೊತ್ತಿಲ್ಲ. ಅವನ ಗುದ್ದು ಬರೀ ಗುದ್ದು, ಹೊಡೆತ ಬರೀ ಹೊಡೆತ. ಕಾಳಗ ಮುಗಿದ ಮೇಲೆ ಸತ್ತವನ ಮನೆಗೆ ಹೋಗಿ ಅವನ ಕಥೆ ಕೇಳಿದ ಹಾಗೆ. ಈ ಸರಣಿಯ ಎಷ್ಟೋ ರಾಕ್ಷಸರ ವಿಷಯದಲ್ಲಿ ಇದೇ ಕ್ರಮ ನಡೆದುಬಂದಿದೆ: ಮೊದಲು ಕಡಿಯುವುದು, ಆಮೇಲೆ ಕನಿಕರ. ಒಂದೆರಡು ಸಲ ಇದು ಕರುಳು ಹಿಂಡುತ್ತದೆ, ಆಮೇಲೆ ಅಭ್ಯಾಸವಾಗುತ್ತದೆ.

ಇನ್ನು ಮಾತು. ಕತ್ತಿ ಮೇಲೆತ್ತಿದ ತಾಂಜಿರೊ ಗಾಳಿಯಲ್ಲೇ ನಿಲ್ಲುತ್ತಾನೆ, ಅವನ ಮನಸ್ಸಿನ ಧ್ವನಿ ಮಾತಾಡತೊಡಗುತ್ತದೆ. ಎದುರಾಳಿ ಎಷ್ಟು ವೇಗದವನು, ತಾನು ಏನನ್ನು ಗಮನಿಸಿದೆ, ಅಪ್ಪ ಹಿಂದೆ ಏನು ಹೇಳಿದ್ದ, ಅದರಿಂದ ತಾನೀಗ ಏನು ಮಾಡಬೇಕು. ಗಿಯುವಿನದೂ ಹಾಗೇ, ಅಕಾಝಾನದೂ ಹಾಗೇ. ಮೂಲ ಮಾಂಗಾದಲ್ಲಿ ಇದು ದೋಷವಾಗಿರಲಿಲ್ಲ. ಕಾಗದದ ಮೇಲೆ ಆ ಮಾತು ಚೌಕದ ಮೂಲೆಯಲ್ಲಿ ಒಂದು ಚಿಕ್ಕ ಪೆಟ್ಟಿಗೆ. ಓದುಗ ಅದನ್ನು ಓರೆಗಣ್ಣಿನಲ್ಲಿ ಓದಿ, ತನ್ನದೇ ವೇಗದಲ್ಲಿ ಹಾಳೆ ತಿರುವುತ್ತಾನೆ; ಹೊಡೆತವೂ ಮಾತೂ ಒಂದೇ ಕ್ಷಣದಲ್ಲಿ ಇರುತ್ತವೆ. ಅದೇ ಮಾತನ್ನು ಸಿನಿಮಾದಲ್ಲಿ ನಟನೊಬ್ಬ ಗಟ್ಟಿಯಾಗಿ ಹೇಳಬೇಕಾದಾಗ ಹತ್ತು ಸೆಕೆಂಡು ಬೇಕು. ಆ ಹತ್ತು ಸೆಕೆಂಡು ಚಿತ್ರ ಕೈಕಟ್ಟಿ ಕಾಯಬೇಕು. ಜಗತ್ತಿನ ಅತ್ಯಂತ ಚುರುಕಾದ ಚಿತ್ರಗಾರರನ್ನು ಇಟ್ಟುಕೊಂಡು ಅವರ ಚಿತ್ರಗಳನ್ನು ಸಾಲಿನಲ್ಲಿ ನಿಲ್ಲಿಸಿ ಭಾಷಣ ಕೇಳಿಸಿದ ಹಾಗಾಗಿದೆ.

ದಾಸ್ತಾನಿನ ರಸಿಕರಿಗೆ ಇಲ್ಲಿ ಒಂದು ಆಕ್ಷೇಪ ಏಳಬಹುದು. ಕಥೆಯನ್ನು ನಿಲ್ಲಿಸುವುದೇ ಒಂದು ಕಲೆಯಲ್ಲವೇ? ಹೌದು, ‘ದಾಸ್ತಾನ್ ರೋಕ್ನಾ’ ಎಂದು ಅದಕ್ಕೆ ಹೆಸರೇ ಇತ್ತು. ಒಂದು ಪರದೆ ಸರಿಯಬೇಕಾದ ಹೊತ್ತಿನಲ್ಲಿ ಅದನ್ನು ಸರಿಸದೆ, ವರ್ಣನೆಯ ಮೇಲೆ ವರ್ಣನೆ ತಂದು ಕಾಯಿಸುವುದು ಒಳ್ಳೆಯ ದಾಸ್ತಾನುಗಾರನ ಗುರುತಾಗಿತ್ತು. ನಮ್ಮ ಯಕ್ಷಗಾನದಲ್ಲಿಯೂ ಯುದ್ಧಕ್ಕೆ ನಿಂತವರು ಬಿಲ್ಲು ಕೆಳಗಿಟ್ಟು ಗಂಟೆಗಟ್ಟಲೆ ವಾದ ಮಾಡುತ್ತಾರೆ, ಜನ ಬೆಳಗಿನವರೆಗೆ ಕೂತು ಕೇಳುತ್ತಾರೆ. ಆದರೆ ಅಲ್ಲಿ ತಡೆದ ಹೊತ್ತಿನಲ್ಲಿ ಹೊಸದೊಂದು ಸಿಗುತ್ತಿತ್ತು: ಒಂದು ಕೊಂಕು, ಒಂದು ಉಪಮೆ, ಎದುರಾಳಿಯ ಬಾಯಿ ಮುಚ್ಚಿಸುವ ಒಂದು ತರ್ಕ. ‘ಇನ್ಫಿನಿಟಿ ಕ್ಯಾಸಲ್’ ನಿಲ್ಲಿಸಿ ಹೇಳುವುದರಲ್ಲಿ ಬಹುಪಾಲು ಈಗಷ್ಟೇ ನಮ್ಮ ಕಣ್ಣು ಕಂಡದ್ದು. ಕಂಡದ್ದನ್ನು ಮತ್ತೆ ಕಿವಿಯಲ್ಲಿ ಹೇಳುವುದೆಂದರೆ ನೋಡುಗನ ಮೇಲೆ ನಂಬಿಕೆಯಿಲ್ಲ ಎಂದರ್ಥ; ತನ್ನ ಚಿತ್ರಗಾರರ ಮೇಲೂ.

ಅಭಿಮಾನಿಗಳು ಹೇಳುವುದು ಗೊತ್ತು. ಮೂಲದಲ್ಲಿ ಹೀಗೇ ಇದೆ, ಒಂದಕ್ಷರ ಬಿಟ್ಟರೆ ನಾವು ಸುಮ್ಮನಿರುವುದಿಲ್ಲ ಎನ್ನುತ್ತಾರೆ. ಈ ಮಾತಿಗೆ ಜಪಾನಿನಲ್ಲೇ ಉತ್ತರವಿದೆ.

2022ರ ಡಿಸೆಂಬರ್ 3ರಂದು ‘ದ ಫಸ್ಟ್ ಸ್ಲ್ಯಾಮ್ ಡಂಕ್’ ತೆರೆಗೆ ಬಂತು. ಇದೂ ಹೆಸರುವಾಸಿ ಮಾಂಗಾ ಒಂದರ ಸಿನಿಮಾ, ಮೂಲ 1990ರಿಂದ 1996ರವರೆಗೆ ಬಂದದ್ದು. ಬರೆದು ನಿರ್ದೇಶಿಸಿದವರು ಮೂಲ ಲೇಖಕ ತಾಕೆಹಿಕೊ ಇನೊಯುಎ ಅವರೇ. ಕಂಪ್ಯೂಟರಿನ ತ್ರೀಡಿ ಆಕೃತಿಗಳನ್ನು ಬಳಸಿದ್ದಾರೆಂದು ಬಿಡುಗಡೆಗೆ ಮುಂಚೆ ಹಳೆಯ ಅಭಿಮಾನಿಗಳು ಮುನಿಸಿಕೊಂಡಿದ್ದರು. ಆ ಸಿನಿಮಾ ಜಪಾನಿನಲ್ಲಿ 1,500 ಕೋಟಿ ಯೆನ್ನಿಗೂ ಮೀರಿ ಗಳಿಸಿತು. ಇಡೀ ಸಿನಿಮಾ ಒಂದು ಶಾಲಾ ಬಾಸ್ಕೆಟ್‌ಬಾಲ್ ಪಂದ್ಯ. ನಡು ನಡುವೆ ನೆನಪುಗಳು ಬರುತ್ತವೆ. ಅಂದರೆ ‘ಇನ್ಫಿನಿಟಿ ಕ್ಯಾಸಲ್’ನದೇ ಕಟ್ಟು: ಹೋರಾಟ, ನೆನಪು, ಹೋರಾಟ, ನೆನಪು. ಆದರೂ ಒಂದು ಓಡುತ್ತದೆ, ಇನ್ನೊಂದು ನಿಂತು ನಿಂತು ಹೊರಡುತ್ತದೆ. ಏಕೆ?

ಇನೊಯುಎ ತಮ್ಮದೇ ಕೃತಿಯನ್ನು ಬಿಚ್ಚಿ ಹೊಲಿದರು. ಮೂಲದ ನಾಯಕ ಸಾಕುರಾಗಿಯನ್ನು ಪಕ್ಕಕ್ಕೆ ಸರಿಸಿ, ತಂಡದ ಕುಳ್ಳ ಹುಡುಗ ಮಿಯಾಗಿಯನ್ನು ನಡುವೆ ತಂದರು. ಒಕಿನಾವಾದ ಹುಡುಗ. ಅಪ್ಪನಿಲ್ಲ. ಆಟ ಕಲಿಸುತ್ತಿದ್ದ ಅಣ್ಣ ಒಂದು ದಿನ ತಮ್ಮನನ್ನು ಬಿಟ್ಟು ಮೀನಿನ ದೋಣಿ ಹತ್ತುತ್ತಾನೆ. ಸಿಟ್ಟಿನಲ್ಲಿ ತಮ್ಮ, ಮತ್ತೆ ಬರಲೇಬೇಡ ಎಂದು ಕೂಗುತ್ತಾನೆ. ಅಣ್ಣ ಬರುವುದಿಲ್ಲ. ಈಗ ಪಂದ್ಯದಲ್ಲಿ ತನಗಿಂತ ಎಷ್ಟೋ ಎತ್ತರದ ಇಬ್ಬರು ಮಿಯಾಗಿಯನ್ನು ಗೋಡೆಯಂತೆ ಮುತ್ತಿಕೊಂಡಾಗ ಅವನಿಗೆ ದಾರಿಯಿಲ್ಲ. ಅಣ್ಣನ ಕಥೆ ಅಷ್ಟು ಹೊತ್ತಿಗೆ ನಮಗೆ ಸಿಕ್ಕಿದೆ. ಹುಡುಗ ಸೊಂಟ ಬಗ್ಗಿಸಿ, ಚೆಂಡನ್ನು ನೆಲದ ಹತ್ತಿರಕ್ಕೆ ತಂದು, ಇಬ್ಬರ ನಡುವಿನ ಸಂದಿಯಲ್ಲಿ ನುಸುಳಿ ಹೊರಗೆ ಬರುತ್ತಾನೆ. ಆಗ ಅವನು ದಾಟಿದ್ದು ಇಬ್ಬರು ಆಟಗಾರರನ್ನು ಮಾತ್ರವಲ್ಲ ಎಂದು ಯಾರೂ ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ನೆನಪು ಮೊದಲು ಬಂತು, ಹೊಡೆತ ಆಮೇಲೆ ಬಂತು; ಆದ್ದರಿಂದ ಹೊಡೆತಕ್ಕೆ ಭಾರ ಬಂತು. ಅಕಾಝಾನ ವಿಷಯದಲ್ಲಿ ಸರದಿ ಉಲ್ಟಾ ಆಗಿದೆ.

ಇನ್ನು ಆ ಪಂದ್ಯದ ಕೊನೆಯ ಕ್ಷಣಗಳು. ಮಾತಿಲ್ಲ, ಸಂಗೀತವಿಲ್ಲ, ಕಡೆಗೆ ಸದ್ದೇ ಇಲ್ಲ. ಓಡುವ ಕಾಲು, ಗಡಿಯಾರ, ಚೆಂಡು, ಕೈ. ಈ ಮೌನ ಮೂಲ ಮಾಂಗಾದಲ್ಲೂ ಇತ್ತು, ಅಲ್ಲಿ ಹಾಳೆಗಟ್ಟಲೆ ಒಂದಕ್ಷರವಿಲ್ಲ. ಇನೊಯುಎ ಕಥೆಯನ್ನು ಬದಲಿಸಿದರು, ಈ ಮೌನವನ್ನು ಮಾತ್ರ ಹಾಗೇ ಉಳಿಸಿಕೊಂಡರು. ಮೂಲಕ್ಕೆ ನಿಷ್ಠೆ ಎನ್ನುವುದು ಎಲ್ಲಿರಬೇಕು, ಎಲ್ಲಿ ಬೇಡ ಎಂಬ ವಿವೇಕ ಇದು. ಮತ್ತು ಆ ಕೊನೆಯ ಕ್ಷಣಗಳಿಗೆ ಡಬ್ಬಿಂಗ್ ಬೇಕಿಲ್ಲ. ಟೋಕಿಯೊದ ಹುಡುಗ ಕಂಡಷ್ಟನ್ನೇ ಟಿ. ನರಸೀಪುರದ ಹುಡುಗಿಯೂ ಕಾಣುತ್ತಾಳೆ.

ಚಿತ್ರ ಮತ್ತು ಕಥೆಯ ಈ ಸಂಬಂಧ ಹೊಸ ತಲೆನೋವೇನೂ ಅಲ್ಲ. ಅಕ್ಬರನ ಆಸ್ಥಾನದಲ್ಲಿ ‘ಹಂಝಾನಾಮಾ’ದ ಚಿತ್ರಗಳು ತಯಾರಾದವು. ಮೊದಲು ಮೀರ್ ಸಯ್ಯಿದ್ ಅಲಿ, ಆಮೇಲೆ ಅಬ್ದುಸ್ಸಮದ್ ಅವರ ಉಸ್ತುವಾರಿಯಲ್ಲಿ, ಹತ್ತಾರು ಕಲಾವಿದರು ಸುಮಾರು 15 ವರ್ಷ ದುಡಿದು 1,400ರಷ್ಟು ಚಿತ್ರಗಳನ್ನು ಬಟ್ಟೆಯ ಮೇಲೆ ಬರೆದರು. ಇವತ್ತಿನ ಸ್ಟುಡಿಯೊದ ಹಾಗೆಯೇ ಗೆರೆ ಎಳೆಯುವವನೊಬ್ಬ, ಬಣ್ಣ ತುಂಬುವವನೊಬ್ಬ. ಚಿತ್ರದ ಬೆನ್ನಿಗೆ ಕಥೆ ಬರೆದಿರುತ್ತಿತ್ತು. ದೊಡ್ಡ ಹಾಳೆಯನ್ನು ಎತ್ತಿ ಹಿಡಿದು ತೋರಿಸುತ್ತಾ ಕಥೆ ಓದುತ್ತಿದ್ದರೆಂದು ವಿದ್ವಾಂಸರು ಊಹಿಸುತ್ತಾರೆ. ಈಗ ಉಳಿದಿರುವುದು 200ಕ್ಕಿಂತ ಕಡಿಮೆ, ಅವೂ ಲಂಡನ್, ವಿಯೆನ್ನಾ ಮುಂತಾದ ಕಡೆಗಳ ಸಂಗ್ರಹಾಲಯಗಳಲ್ಲಿ ಚದುರಿಹೋಗಿವೆ. ಹಿಂದೆ ಮುಂದೆ ಇದ್ದ ಹಾಳೆಗಳು ಕಳೆದುಹೋಗಿ ಎಷ್ಟೋ ಚಿತ್ರಗಳಲ್ಲಿ ಯಾರು ಯಾರನ್ನು ಏಕೆ ಕೊಲ್ಲುತ್ತಿದ್ದಾರೆಂದು ತಿಳಿಯುವುದು ಕಷ್ಟ. ಆದರೂ ಆ ಚಿತ್ರಗಳ ಎದುರು ನಿಂತವರು ಕದಲುವುದಿಲ್ಲ. ಬಾವಿಯ ಕಟ್ಟೆಯ ಮೇಲೆ ಬಗ್ಗಿದವನ ಬೆನ್ನು, ಕಿಟಕಿಯಿಂದ ಇಣುಕುವ ಹೆಂಗಸಿನ ಬೆರಳು, ಇವೇ ಒಂದೊಂದು ಕಥೆ ಶುರುಮಾಡಿಬಿಡುತ್ತವೆ. ಒಳ್ಳೆಯ ಗೆರೆಯೊಳಗೆ ಕಥೆ ಇರುತ್ತದೆಂಬುದಕ್ಕೆ ನಾವು ಜಪಾನಿಗೆ ಹೋಗಬೇಕಾದ್ದೇ ಇರಲಿಲ್ಲ.

‘ಇನ್ಫಿನಿಟಿ ಕ್ಯಾಸಲ್’ ಹೀಗಾಗಲು ವ್ಯಾಪಾರದ ಕಾರಣವೂ ಇದೆ. ಇದನ್ನು ಮಾಡಿಸಿದವರು ಮೂವರು: ಹಾಡು ಮತ್ತು ಆನಿಮೇಶನ್ ಮಾರುವ ಆನಿಪ್ಲೆಕ್ಸ್, ಮಾಂಗಾ ಪ್ರಕಟಿಸುವ ಶುಯೇಶಾ, ಚಿತ್ರ ಬಿಡಿಸುವ ಯುಫೋಟೇಬಲ್. ಪುಸ್ತಕ ಕೊಂಡವನು ಸಿನಿಮಾಕ್ಕೆ ಬರಬೇಕು, ಸಿನಿಮಾ ನೋಡಿದವನು ಮತ್ತೆ ಪುಸ್ತಕ ಕೊಳ್ಳಬೇಕು. ಪುಸ್ತಕದಲ್ಲಿದ್ದ ಒಂದು ಮಾತು ಪರದೆಯ ಮೇಲೆ ಕಳೆದುಹೋದರೆ ಲೆಕ್ಕ ತಪ್ಪುತ್ತದೆ. ಚಿತ್ರಕ್ಕೆ ಸುರಿದ ಹಣವೂ ಸಮಯವೂ ಕಾಣುತ್ತವೆ. ಮೂಲವನ್ನು ಕಡಿದು, ಕೂಡಿಸಿ, ಸಿನಿಮಾದ ಕಥೆಯಾಗಿ ಮತ್ತೆ ಬರೆಯಲು ಬೇಕಾಗುವ ಧೈರ್ಯ ಮಾತ್ರ ಕಾಣುವುದಿಲ್ಲ. ಆ ಧೈರ್ಯಕ್ಕೆ ಖರ್ಚಿಲ್ಲ, ಅಪಾಯವಿದೆ.

ಆದರೂ ಒಂದು ಕ್ಷಣವನ್ನು ಹೇಳದೆ ಹೋದರೆ ನಮ್ಮ ಮಾತು ಅಪೂರ್ಣ. ತಲೆಯಿಲ್ಲದ ಅಕಾಝಾ ಮತ್ತೆ ಮೈ ಕೂಡಿಸಿಕೊಂಡು ಎದ್ದು ನಿಲ್ಲುತ್ತಾನೆ. ಸೋತು ಸುಣ್ಣವಾದ ತಾಂಜಿರೊ ಕತ್ತಿ ಬೀಸುತ್ತಾನೆ, ಕತ್ತಿ ಕೈಜಾರುತ್ತದೆ, ಬರೀ ಮುಷ್ಟಿ ಹೋಗಿ ಬೀಳುತ್ತದೆ. ರಾಕ್ಷಸನಿಗೆ ಅದು ಏನೂ ಅಲ್ಲದ ಪೆಟ್ಟು. ಆದರೆ ಆ ಪೆಟ್ಟು ಒಂದು ಕಾಲದಲ್ಲಿ ಗುರು ಕೆಯ್‌ಝೊ ಕಳ್ಳ ಹುಡುಗನಿಗೆ ಕೊಟ್ಟ ಬರಿಗೈಯ ಪೆಟ್ಟು. ಅಕಾಝಾ ನಗುತ್ತಾನೆ, ತನ್ನ ವಿದ್ಯೆಯನ್ನು ತನ್ನ ಮೇಲೆಯೇ ತಿರುಗಿಸಿಕೊಳ್ಳುತ್ತಾನೆ. ಎರಡೂವರೆ ಗಂಟೆ ಬೆಂಕಿ ನೀರು ಸಿಡಿಲುಗಳನ್ನು ಹಾರಿಸಿದ ಸಿನಿಮಾದ ಅತ್ಯಂತ ದೊಡ್ಡ ಪೆಟ್ಟಿನಲ್ಲಿ ಬೆಂಕಿಯೂ ಇಲ್ಲ, ನೀರೂ ಇಲ್ಲ. ಒಂದು ಕೈ, ಒಂದು ಮುಖ.

ಕೋಟೆಯ ಬಗ್ಗೆ ಹೇಳುವಾಗ ಬಿಟ್ಟ ಒಂದು ಸಂಗತಿ ಇದೆ. ಅದರ ಕೋಣೆಗಳನ್ನು ತಿರುಗಿಸುವವಳು ನಾಕಿಮೆ ಎಂಬ ರಾಕ್ಷಸಿ. ಮುಖವೆಲ್ಲ ಕೂದಲು, ನಡುವೆ ಒಂದೇ ಕಣ್ಣು, ಕೈಯಲ್ಲಿ ಬೀವಾ. ಒಂದು ತಂತಿ ಮೀಟಿದರೆ ಒಂದು ಬಾಗಿಲು ತೆರೆಯುತ್ತದೆ, ಇನ್ನೊಂದು ಮೀಟಿದರೆ ನೆಲ ಜಾರುತ್ತದೆ. ಬೀವಾ ಜಪಾನಿನ ಕಥೆಗಾರರ ವಾದ್ಯ. ಕುರುಡು ಗಾಯಕರು ಅದನ್ನು ತೊಡೆಯ ಮೇಲಿಟ್ಟುಕೊಂಡು ಹೈಕೆ ವಂಶದ ಪತನದ ಕಥೆಯನ್ನು ಊರೂರಲ್ಲಿ ಹಾಡುತ್ತಿದ್ದರು. ಪರ್ಶಿಯಾದ ಬರ್ಬತ್ ವಾದ್ಯ ಚೀನಾ ಹಾದು ಅಲ್ಲಿಗೆ ತಲುಪಿ ಬೀವಾ ಆಯಿತೆನ್ನುತ್ತಾರೆ. ಹಾಗೆ ನೋಡಿದರೆ ಅರಬರ ಊದ್‌ಗೂ ಅದಕ್ಕೂ ನೆಂಟಸ್ತಿಕೆ. ಈ ಸಿನಿಮಾದಲ್ಲಿ ಆ ವಾದ್ಯ ಮಿಡಿದಾಗಲೆಲ್ಲ ಗೋಡೆಗಳು ಸರಿಯುತ್ತವೆ, ನುಡಿಸುವವಳ ತುಟಿಯಿಂದ ಕಥೆ ಬರುವುದಿಲ್ಲ. ಕೋಟೆಯ ಮೂರು ಸಿನಿಮಾಗಳಲ್ಲಿ ಇದು ಮೊದಲನೆಯದು. ಮಾಂಗಾ ಓದಿದವರಿಗೆ ಗೊತ್ತು, ನಾಕಿಮೆಯ ಸರದಿ ಇನ್ನೂ ಬಂದಿಲ್ಲ.